ಖಾಲಿ ಸೀಟಿನ ಬೆಲ್ಟ್

ಈ ವಿಷಯವನ್ನು ನಾವಿಬ್ಬರೂ ಅಕ್ಕನಿಗೆ ಇನ್ನೂ ಹೇಳಿಲ್ಲ. ಗ್ಯಾರೇಜಿನಲ್ಲಿ ವೈರಿಂಗ್ ಕೆಲಸ ನನ್ನದು. ಅಕ್ಕನ ಗಂಡ ಕಾರಿನ ನೆಗ್ಗು ತೆಗೆಯುತ್ತಾರೆ. ಏರ್‌ಬ್ಯಾಗ್ ಇರುವ ಕಾರಾದರೆ ಮೊದಲು ಬ್ಯಾಟರಿ ಬಿಚ್ಚಿ, ಒಳಗುಳಿದ ಕರೆಂಟ್ ಇಳಿಯುವವರೆಗೆ ಕಾಯುತ್ತೇವೆ. ಇಲ್ಲದಿದ್ದರೆ ಸುತ್ತಿಗೆಯ ಪೆಟ್ಟು ಬಿದ್ದೊಡನೆ ಚೀಲ ಸಿಡಿದು, ಎದುರಿಗಿರುವವನ ಕತ್ತೇ ಮುರಿದೀತು.

ಆ ಮಧ್ಯಾಹ್ನ ರಿಪೇರಿಗೆ ಬಂದ ಒಂದು ಕಾರಿಗೂ ಬೇಕಾದಷ್ಟು ಹೊತ್ತು ಕಾದೆವು. ಬ್ಯಾಟರಿ ನೆಲದ ಮೇಲಿತ್ತು. ಆದರೂ ಕಾರು ಟಿಂಗ್ ಟಿಂಗ್ ಎನ್ನತೊಡಗಿತು. ಮುಂದೆ ಕೂತವರು ಬೆಲ್ಟ್ ಹಾಕದಿದ್ದಾಗ ಬರುವ ಸದ್ದು ಅದು. ಡ್ರೈವರಿನ ಪಕ್ಕದ ಸೀಟು ಖಾಲಿಯಿತ್ತು.

"ಭಾವ, ತಡೀರಿ. ಒಳಗೆ ಇನ್ನೂ ಕರೆಂಟ್ ಇದೆ."

"ನಿಮ್ಮಕ್ಕನಿಗಿಂತ ಜಾಸ್ತಿ ಹೆದರಿಸ್ತೀಯಲ್ಲೋ! ಯಾರೋ ಮಹಾರಾಯರು ಬೆಲ್ಟ್ ಹಾಕ್ಕೊಂಡಿಲ್ಲ, ಅಷ್ಟೆ."

ಭಾವ ನಗುತ್ತಲೇ ಖಾಲಿ ಸೀಟಿಗೆ ಬೆಲ್ಟ್ ಸಿಕ್ಕಿಸಿದರು. ಸದ್ದು ಥಟ್ಟನೆ ನಿಂತಿತು. "ನೋಡಿದ್ಯಾ?" ಎಂದವರೇ ಸುತ್ತಿಗೆ ಹಿಡಿದು ಡ್ಯಾಶ್‌ಬೋರ್ಡಿನ ಮುಂದೆ ತಲೆ ತೂರಿಸಿದರು.

ನನ್ನ ಕಣ್ಣು ಬೆಲ್ಟಿನ ಮೇಲಿತ್ತು. ಅದು ಸೀಟಿಗೆ ಅಂಟಿಕೊಂಡಿರಲಿಲ್ಲ. ಒಂದು ಮೈ ಹಿಡಿಸುವಷ್ಟು ಜಾಗ ಬಿಟ್ಟು ಬಿಗಿಯಾಗಿ ನಿಂತಿತ್ತು. ಉಸಿರಾಡುವ ಎದೆಯ ಮೇಲಿದ್ದಂತೆ ಸಣ್ಣಗೆ ಮುಂದೆ ಬರುತ್ತಿತ್ತು, ಮತ್ತೆ ಹಿಂದೆ ಸರಿಯುತ್ತಿತ್ತು.

ಭಾವನ ಅಂಗಿ ಹಿಡಿದು ಹೊರಗೆಳೆದೆ. ಅವರು ಬಯ್ಯಲು ಬಾಯಿ ತೆರೆಯುವಷ್ಟರಲ್ಲಿ ಏರ್‌ಬ್ಯಾಗ್ ಸಿಡಿಯಿತು. ಇನ್ನೂ ಒಂದು ಪೆಟ್ಟು ಕೂಡ ಬಿದ್ದಿರಲಿಲ್ಲ.

ಬಿಳಿ ಪುಡಿ ಇಳಿದ ಮೇಲೆ ಇಬ್ಬರೂ ಇಣುಕಿ ನೋಡಿದೆವು. ಚೀಲ ಸೊರಗಿ ಜೋತುಬಿದ್ದಿತ್ತು. ಬೆಲ್ಟ್ ಮಾತ್ರ ಸೀಟಿನಿಂದ ಅಷ್ಟೇ ದೂರದಲ್ಲಿ ಬಿಗಿದು ನಿಂತಿತ್ತು.

ಈಗ ಅದು ಅಲುಗಾಡುತ್ತಿರಲಿಲ್ಲ.