ಹಸಿರಿನ ಮೇಲೆ ಗೋಧಿ ಬಣ್ಣ

"ನನ್ನ ತಂಗಿ ಮಾಡಿರೋ ಘನಂದಾರಿ ಕೆಲಸ ಬಂದು ನೋಡಿ, ದೊಡ್ಡಮ್ಮ! ನನ್ನ ಹೆಂಡತಿ ಆಸೆಪಟ್ಟ ಹಸಿರಿನ ಮೇಲೆ ಹಾಲಿನ ಹಾಗೆ ಬೆಳ್ಳಗೆ ಬಳಿದುಬಿಟ್ಟಿದ್ದಾಳೆ. ನಾನೂ ಹೆಂಡತಿಯೂ ಈಗ ತಾನೇ ಮನೆಗೆ ಬಂದ್ವಿ. ಬ್ಯಾಗ್ ಕಟ್ಟು, ಹೊರಡು ಅಂತ ಹೇಳಿಯೇ ಬಂದಿದ್ದೀನಿ. ನೀವು ಕೇಳಿದ್ರೆ ತಪ್ಪು ಒಪ್ಕೋತಾಳೆ."

ಕೆಳಮನೆಯ ಗಡಿಯಾರ ರಿಪೇರಿಯವನು ಬಾಗಿಲಲ್ಲೇ ಕೂಗಾಡುತ್ತಿದ್ದ. ಆ ಕಟ್ಟಡದಲ್ಲಿ ಏನು ಕಳೆದರೂ, ಏನು ಜಗಳವಾದರೂ ಜನ ಬರುತ್ತಿದ್ದುದು ಮೇಲ್ಮನೆಯ ದೊಡ್ಡಮ್ಮನ ಬಳಿಗೆ, ದೊಡ್ಡಮ್ಮ ಹೋದಲ್ಲೆಲ್ಲ ಅವರ ಸೊಸೆ ಹಿಂದೆಯೇ ಇರುತ್ತಿದ್ದಳು. ಸೊಸೆಗೆ ಮೈ ಉರಿದುಹೋಯಿತು. ಕೆಲಸ ಹೋಗಿ ಅಣ್ಣನ ಮನೆ ಸೇರಿದವಳನ್ನು ಹೊರಗೆ ಹಾಕಲು ಇಷ್ಟೊಂದು ಉತ್ಸಾಹವೇ! ಅತ್ತೆ ಸೊಸೆ ಇಬ್ಬರೂ ಅವನ ಹಿಂದೆ ಕೆಳಮನೆಗೆ ಇಳಿದರು.

ಹಾಲ್‌ನ ಗೋಡೆಗೆ ಪೇಂಟರ್ ಹಿಂದಿನ ದಿನ, ನೋಡಿ ಆರಿಸಲಿ ಎಂದು, ಎರಡು ಬಣ್ಣ ಅಕ್ಕಪಕ್ಕ ಬಳಿದು ಹೋಗಿದ್ದ. ಹೆಂಡತಿ ತಿಳಿ ಹಸಿರು ಬೇಕೆಂದಿದ್ದಳು, ತಂಗಿ ಗೋಧಿ ಬಣ್ಣ ಚೆನ್ನಾಗಿದೆ ಎಂದಿದ್ದಳು. ಈಗ ಹಸಿರು ಪೂರ್ತಿ ಮುಚ್ಚಿಹೋಗಿ, ಗೋಡೆಯ ತುಂಬ ಮಾಗಿದ ಗೋಧಿಯ ಬಣ್ಣವೊಂದೇ ಇತ್ತು. ತಂಗಿ ಬ್ಯಾಗಿನ ಪಕ್ಕ ನಿಂತು ಅಳು ನುಂಗುತ್ತಿದ್ದಳು.

ದೊಡ್ಡಮ್ಮ ಗೋಡೆಯನ್ನು ಸವರಿದರು. ಅಂಗೈಗೆ ಏನೂ ಅಂಟಲಿಲ್ಲ. ಒಂದು ಕಡೆ ಬೆರಳು ನಿಂತಿತು, ಬಣ್ಣದಡಿಯಲ್ಲಿ ಉದ್ದ ಗೀರು.

"ಮಧ್ಯಾಹ್ನ ಎಲ್ಲಿದ್ದೆಯಮ್ಮಾ?"

"ತಲೆನೋವು ಅಂತ ಒಳಗೆ ಮಲಗಿದ್ದೆ. ಸೋಫಾ ಎಳೆದ ಸದ್ದು ಕೇಳಿಸ್ತು. ಅತ್ತಿಗೆ ಬಂದ್ರು ಅಂದ್ಕೊಂಡೆ."

"ನಾನು ಆಫೀಸಿನಲ್ಲಿದ್ದೆ. ಈ ಸೋಫಾ ಗೋಡೆ ಪಕ್ಕ ಇತ್ತು, ಫ್ಯಾನಿನ ಕೆಳಗೆ ಯಾಕೆ ಬಂತು?" ಎಂದಳು ಹೆಂಡತಿ.

"ನನಗೇನು ಗೊತ್ತು? ನಾನು ಬೆಳಿಗ್ಗೆಯಿಂದ ಅಂಗಡಿಯಲ್ಲೇ ಇದ್ದೆ!"

ದೊಡ್ಡಮ್ಮ ಎಲ್ಲರನ್ನೂ ಕೂರಿಸಿ, ಗೋಧಿ ಬಣ್ಣದ ಡಬ್ಬಿ ತೆರೆದು, ಗೋಡೆಗೆ ಒಂದು ಬೆರಳು ಎಳೆದರು. ಗೆರೆ ಬೆಳ್ಳಗೆ ಕಂಡಿತು.

"ಈ ಬಣ್ಣ ಹಸಿಯಿದ್ದಾಗ ಹಾಲಿನ ಹಾಗೆ, ಒಣಗಿದ ಮೇಲೇ ಗೋಧಿ. ನೀವು ಬಂದಾಗ ಗೋಡೆ ಒಣಗಿತ್ತು. ಬೆಳ್ಳಗಿದ್ದದ್ದನ್ನ ನೀನು ಯಾವಾಗ ನೋಡಿದೆಯಪ್ಪಾ?"

ಅವನ ಕಣ್ಣು ಸೋಫಾದ ಮೂಲೆಯತ್ತ ಹೋಯಿತು, ದೊಡ್ಡಮ್ಮನ ಬೆರಳೂ ಅತ್ತಲೇ ತಿರುಗಿತು.

"ಮಧ್ಯಾಹ್ನ ಬಂದು ಫ್ಯಾನಿನ ಕೆಳಗೆ ಮಲಗೋಕೆ ಸೋಫಾ ಎಳೆದೆ. ಮೂಲೆ ತಾಗಿ ಗೋಧಿ ಬಣ್ಣ ಕೆತ್ತಿಹೋಯ್ತು. ನೋಡು, ಮೂಲೆಗೆ ಪುಡಿ ಇನ್ನೂ ಅಂಟಿದೆ. ತೇಪೆ ಹಾಕಿದೆ, ಬೆಳ್ಳಗೆ ಎದ್ದು ಕಾಣ್ತು. ಸುತ್ತ ಬಳಿದೆ, ಆಗಲೂ ಹೊಂದಲಿಲ್ಲ. ಸುಮ್ಮನೆ ಕಾದಿದ್ರೆ ತಾನಾಗಿ ಹೊಂದ್ತಿತ್ತು. ನೀನು ಬಳೀತಾ ಬಳೀತಾ ಹಸಿರನ್ನೂ ನುಂಗಿಬಿಟ್ಟೆ!"

"ಹೆಂಡತಿ ಬೈತಾಳೆ ಅಂತ ಭಯ ಆಯ್ತು, ದೊಡ್ಡಮ್ಮ..."

"ಭಯ ಆದ್ರೆ ಒಡಹುಟ್ಟಿದವಳ ತಲೆ ಮೇಲೆ ಗೂಬೆ ಕೂರಿಸ್ತಾರಾ? ನಾಚಿಕೆ ಆಗಲ್ವಾ?" ಸೊಸೆ ತಡೆಯಲಾರದೆ ಸಿಡಿದಳು. ಅತ್ತೆಯ ಮುಂದೆ ಅವಳು ಎಂದೂ ಹಾಗೆ ಗದರಿದವಳಲ್ಲ. ಅತ್ತೆ ತಡೆಯಲೂ ಇಲ್ಲ.

ಹೆಂಡತಿ ಬ್ಯಾಗನ್ನು ಎತ್ತಿ ಒಳಗಿಟ್ಟು ಬಂದಳು. "ನನ್ನದೂ ತಪ್ಪೇ, ಅವರು ಹೇಳಿದ್ದನ್ನ ನಂಬಿದೆ. ನಿನಗಿಷ್ಟವಾದ ಗೋಧಿ ಬಣ್ಣವೇ ಇರಲಿ" ಎಂದಳು.

"ಬೇಡ ಅತ್ತಿಗೆ, ಹಸಿರೇ ಇರಲಿ." ತಂಗಿ ಬ್ರಷ್ ತೆಗೆದು ಅಣ್ಣನ ಕೈಗೆ ಕೊಟ್ಟಳು. "ಈ ಗೋಧಿ ಬಣ್ಣ ಕಂಡಾಗೆಲ್ಲ ನೀನು 'ಹೊರಡು' ಅಂದದ್ದೇ ಕೇಳಿಸುತ್ತೆ. ಮುಚ್ಚು ಇದನ್ನ."