ಕಾಟಮ್ಮನ ಹೆಬ್ಬೆಟ್ಟು

ಆವತ್ತು ಬೆಳಗ್ಗೆ ಚನ್ನಗಿರಿಯ ಮೇಲೆ ದಟ್ಟ ಮಂಜು ಬಿದ್ದಿತ್ತು. ಒಂಬತ್ತು ಗಂಟೆಯಾದರೂ ಸೂರ್ಯನಾರಾಯಣ ಕಣ್ಣು ಬಿಟ್ಟಿರಲಿಲ್ಲ. ನೋಂದಣಿ ಕಚೇರಿಯ ಎದುರು ಪತ್ರ ಬರೆಯುವವರು ಸಾಲಾಗಿ ಕೂತಿದ್ದರು. ಅವರ ತಲೆಯ ಮೇಲಿನ ತಗಡುಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು.

ಮೂರನೆಯ ಮೇಜಿನ ಮುಂದೆ ಮಮತಾ ಬಂದು ನಿಂತಳು. ಬಸ್ಸಿಳಿದು ಓಡಿ ಬಂದಿದ್ದಳು. ಎದೆ ಏರಿಳಿಯುತ್ತಿತ್ತು.

"ಸಿದ್ದೇಶ್ ಅಂದ್ರೆ ನೀವೇನಾ?"

"ಹೌದ್ರಿ."

"ಸಂತೇಬೆನ್ನೂರಿನ ಕಲ್ಲೇಶ್ ನಿಮ್ಮ ಹತ್ರ ಹಕ್ಕು ಬಿಡುಗಡೆ ಪತ್ರ ಬರಿಯಾಕೆ ಹೇಳ್ಯಾನಲ್ಲ... ಅದನ್ನ ಬರೀಬ್ಯಾಡ್ರಿ!"

ಪಕ್ಕದ ಮೇಜಿನ ಮುದುಕ ಗೋಣೆಪ್ಪ ಕನ್ನಡಕ ಎತ್ತಿ ನಕ್ಕ. "ಏನೋ ಸಿದ್ದೇಶ, ಬೋಣಿನೇ ಜಗಳದ್ದಾ?"

ಸಿದ್ದೇಶ್ ನಗಲಿಲ್ಲ. ಸ್ಟೂಲು ಮುಂದಕ್ಕೆ ಸರಿಸಿದ. "ಕೂತ್ಕಳ್ರಿ. ಅವ್ರು ನಿಮಗೇನಾಗ್ಬೇಕು?"

"ನಮ್ಮಣ್ಣ."

ಮಮತಾ ಹೇಳುತ್ತಾ ಹೋದಳು. ಅಪ್ಪ ಹೋಗಿ ವರ್ಷವಾಗಿತ್ತು. ಆರು ಎಕರೆ ಹೊಲ, ಮೂವರು ಮಕ್ಕಳು. ತನ್ನ ಪಾಲನ್ನು ಅವಳು ಮನಸಾರೆ ಅಣ್ಣನಿಗೆ ಬಿಟ್ಟುಕೊಟ್ಟಿದ್ದಳು. ಈಗ ಅಣ್ಣ ಅಕ್ಕನ ಪಾಲನ್ನೂ ಬರೆಸಿಕೊಳ್ಳಲು ಹೊರಟಿದ್ದ. ಹಿರಿಯಳಾದ ಕಾಟಮ್ಮನಿಗೆ ಮೂವತ್ತಾರು ದಾಟಿತ್ತು. ಆದರೆ ಹುಟ್ಟಿನಿಂದಲೇ ಬುದ್ಧಿ ವಯಸ್ಸಿನ ಜೊತೆ ಬೆಳೆದಿರಲಿಲ್ಲ.

"ಅಕ್ಕ ಹೆಬ್ಬೆಟ್ಟು ಒತ್ತಿದ್ರೆ ಮುಗೀತು! ನಾಳೆ ಅಣ್ಣ ಮನೆಯಿಂದ ಹೊರಗೆ ಹಾಕಿದ್ರೆ ಅವಳಿಗೆ ನಿಲ್ಲಾಕೆ ಗೇಣು ಜಾಗ ಇರಲ್ಲ."

ಸಿದ್ದೇಶ್ ಒಂದೇ ಮಾತು ಕೇಳಿದ.

"ನಿಮ್ಮ ಅಕ್ಕ ಏನಂತಾರೆ?"

"ಅವಳಿಗೇನು ತಿಳಿತೈತೆ..."

ಅಂದವಳೇ ನಾಲಿಗೆ ಕಚ್ಚಿಕೊಂಡಳು.

ಅಂಗವಿಕಲರಿಗಾಗಿ ಪಂಚಾಯ್ತಿಯಲ್ಲಿ ಕೆಲಸ ಮಾಡುವವಳು ಅವಳು! 'ನಿಮ್ಮ ಮಕ್ಕಳನ್ನೂ ಒಂದು ಮಾತು ಕೇಳ್ರಿ' ಅಂತ ಮನೆಮನೆಗೆ ಹೋಗಿ ತಾಯಂದಿರಿಗೆ ಹೇಳುವವಳು! ಸ್ವಂತ ಅಕ್ಕನನ್ನು... ಒಂದು ದಿನವೂ ಕೇಳಿರಲಿಲ್ಲ.

ನಾಚಿಕೆ ಸಿಟ್ಟಾಗಿ ಹೊರಬಂತು. "ನೀವು ಬರೀತೀರಾ, ಇಲ್ಲಾ? ಅಷ್ಟು ಹೇಳ್ರಿ!"

"ಅವ್ರನ್ನ ಕೇಳ್ದೆ ಹೆಂಗೆ ಹೇಳ್ಲಿ?"

ಆ ಭಾನುವಾರವೇ ಸಿದ್ದೇಶ್ ಬೈಕಿನಲ್ಲಿ ಸಂತೇಬೆನ್ನೂರಿಗೆ ಬಂದ. ಹೊಲದ ಕಾಗದ ನೋಡಲು ಬಂದಿರಬೇಕೆಂದುಕೊಂಡ ಕಲ್ಲೇಶ್ ಅವನ್ನು ಕೊಟ್ಟು ಹೊಲಕ್ಕೆ ಹೋದ. ಅಂಗಳದಲ್ಲಿ ಕಾಟಮ್ಮ ಮೆಕ್ಕೆಜೋಳ ಬಿಡಿಸುತ್ತಿದ್ದಳು. ಸಿದ್ದೇಶ್ ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತು, ತೆನೆಗಳನ್ನು ಮೂರು ಗುಡ್ಡೆ ಮಾಡಿದ.

"ಅಕ್ಕಾ, ಇದೆಲ್ಲಾ ಅಪ್ಪನ ಹೊಲ. ಇದು ಕಲ್ಲೇಶಂದು, ಇದು ಮಮತಂದು. ಇದು ನಿಂದು."

ಕಾಟಮ್ಮ ನಕ್ಕು ಮೂರನ್ನೂ ಕಲಸಿಬಿಟ್ಟಳು. ಅವನು ಮತ್ತೆ ಗುಡ್ಡೆ ಮಾಡಿದ. ಅವಳು ಮತ್ತೆ ಕಲಸಿದಳು.

ಮರುವಾರವೂ ಹಾಗೇ.

ಮೂರನೆಯ ಭಾನುವಾರ ಕಾಟಮ್ಮ ಗುಡ್ಡೆಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಒಂದನ್ನು ಮೆಲ್ಲಗೆ ತನ್ನ ಮಡಿಲಿಗೆ ಎಳೆದುಕೊಂಡಳು.

ಸಿದ್ದೇಶನ ಕಣ್ಣು ಒದ್ದೆಯಾಯಿತು. ಬಾಗಿಲಲ್ಲಿ ನಿಂತಿದ್ದ ಮಮತಾ ಅದನ್ನು ಕಂಡಳು. ದೇವರು ಮನುಷ್ಯರ ಮನಸ್ಸನ್ನು ಯಾವ ಗಳಿಗೆಯಲ್ಲಿ ಕಟ್ಟಿಹಾಕುತ್ತಾನೋ, ಬಲ್ಲವರಾರು?

ಹೊರಡುವಾಗ ಅವನು ತಡವರಿಸಿದ. "ನಿಮ್ಮ ಹತ್ರ... ಒಂದು ಮಾತು ಆಡಾದೈತೆ. ಈ ಕೆಲಸ ಮುಗೀಲಿ."

ರಸ್ತೆಯಲ್ಲಿ ಬೈಕಿನ ಸದ್ದು ಅಡಗಿದ ಮೇಲೂ ಮಮತಾ ಬಾಗಿಲಲ್ಲೇ ನಿಂತಿದ್ದಳು.

ಆದರೆ ಗುರುವಾರ ಕಲ್ಲೇಶನ ಕೈಯಲ್ಲಿ ಛಾಪಾ ಕಾಗದವಿತ್ತು! ಹಕ್ಕು ಬಿಡುಗಡೆ ಪತ್ರ. ಕೆಳಗೆ ಬರೆದವನ ಹೆಸರು... ಸಿದ್ದೇಶ್.

ಮಮತಾ ಆ ಹೆಸರನ್ನು ಎರಡು ಸಲ ಓದಿದಳು. 'ತೆನೆ ಗುಡ್ಡೆ, ಕಣ್ಣೀರು... ಎಲ್ಲಾ ನಾಟಕವೇ?'

ನೋಂದಣಿ ಕಚೇರಿಯ ಜಗುಲಿಯಲ್ಲಿ ಇಬ್ಬರು ಸಾಕ್ಷಿಗಳು ಕಾದಿದ್ದರು. ಶಾಯಿಯ ಡಬ್ಬಿ ತೆರೆದಿತ್ತು. ಕಲ್ಲೇಶ್ ಅಕ್ಕನ ಹೆಬ್ಬೆರಳನ್ನು ಹಿಡಿದೇ ನಿಂತಿದ್ದ. ಅವರ ಬೆನ್ನಿಗೇ ಬಂದ ಮಮತಾ ಸಿದ್ದೇಶನ ಎದುರು ಹೋದಳು.

"ನಿಮ್ಮನ್ನ ನಂಬಿದ್ದೆ... ನನ್ನ ಮುಖ ನೋಡಬ್ಯಾಡ್ರಿ ಇನ್ನು."

ಅವನ ಮುಖ ಬಿಳುಪೇರಿತು. ಅವನು ಕಲ್ಲೇಶನ ಕಡೆ ತಿರುಗಿದ.

"ಬೆರಳು ಬಿಡ್ರಿ. ಮೊದಲು ಪತ್ರ ಓದ್ಬೇಕು."

"ಇವಳಿಗೆ ಓದಿ ಏನ್ ಮಾಡ್ತೀಯಪ್ಪಾ? ಆ ಗೋಡೆಗೆ ಓದು, ಅದಾದ್ರೂ ಕೇಳ್ತೈತೆ!"

"ಬರೆದವನೇ ಓದ್ಬೇಕು, ಒಪ್ಪಿದ ಮೇಲೇ ಹೆಬ್ಬೆಟ್ಟು. ಈ ಸಾಲಿನಾಗೆ ನಮ್ಮಪ್ಪನ ಕಾಲದಿಂದ್ಲೂ ಇರೋ ಪದ್ಧತಿ."

ದೂರದಿಂದ ಗೋಣೆಪ್ಪ ಕೂಗಿದ. "ಹೌದಪ್ಪಾ, ಓದ್ಲಿ ಬಿಡು!"

ಸಿದ್ದೇಶ್ ನೆಲದ ಮೇಲೆ ಕೂತ. ಕಾಟಮ್ಮನನ್ನೂ ಕೂರಿಸಿದ. ಪತ್ರದ ಭಾಷೆ ಬಿಟ್ಟು ತನ್ನ ಮಾತಿನಲ್ಲಿ ಓದಿದ.

"ಅಕ್ಕಾ, ಇದ್ರಾಗೆ ಏನೈತೆ ಅಂದ್ರೆ... ನಿನ್ನ ಗುಡ್ಡೆ ಕಲ್ಲೇಶಂಗೆ. ಇನ್ನು ಯಾವತ್ತೂ ನಿಂಗಿಲ್ಲ. ಕೊಡ್ತೀಯಾ?"

"ಕೊಡಲ್ಲ ಅವಳು!" ಮಮತಾ ಚೀರಿದಳು.

"ನೀವಲ್ಲ. ಅವ್ರು ಹೇಳ್ಬೇಕು."

ಕಲ್ಲೇಶನ ಹಣೆಯಲ್ಲಿ ಬೆವರು. "ಅಕ್ಕಾ, ಅನ್ನ ಹಾಕ್ತಿರೋನು ನಾನು. ಯೋಚನೆ ಮಾಡಿ ಹೇಳು!"

ಕಾಟಮ್ಮ ತಮ್ಮನ ಮುಖ ನೋಡಿದಳು. ತಂಗಿಯ ಮುಖ ನೋಡಿದಳು. ಮಮತಾ ಸೆರಗಿನ ತುದಿ ಬಾಯಿಗಿಟ್ಟು ತಡೆದುಕೊಂಡಳು... 'ತಾಯೀ ಅಂತರಘಟ್ಟಮ್ಮಾ...'

"ನಂದು," ಅಂದಳು ಕಾಟಮ್ಮ.

ಆಮೇಲೆ ಕಲ್ಲೇಶನ ಕಡೆ ಕೈ ತೋರಿಸಿದಳು.

"ಕಲ್ಲ ಉಳ್ಲಿ. ನಂಗೆ ಉಳಾಕೆ ಬರಲ್ಲ. ಜೋಳ ಕಲ್ಲನೇ ತಗಳ್ಲಿ. ಹೊಲ ಕೊಡಲ್ಲ. ಅಪ್ಪ ನಂಗೂ ಅಪ್ಪ."

ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

ಸಾಕ್ಷಿಗಳು ಮುಖ ಮುಖ ನೋಡಿಕೊಂಡರು. ಒಬ್ಬ ಎದ್ದ. "ಕಲ್ಲೇಶಪ್ಪಾ, ಇಷ್ಟು ಚೆಂದಾಗಿ ಹೇಳಿದ ಮೇಲೆ ನಾನು ರುಜು ಹಾಕಲ್ಲಪ್ಪ. ನೀ ಏನಾರ ಅನ್ಕೋ."

ಸಿದ್ದೇಶ್ ಪತ್ರದ ಮೇಲೆ ಉದ್ದಕ್ಕೂ ಗೀಟು ಎಳೆದು ಮಡಚಿದ. ಕಲ್ಲೇಶ್ ಗೋಡೆಯ ಕಡೆ ತಿರುಗಿ ನಿಂತ.

ಮಮತಾ ಮೇಜಿನ ಹತ್ತಿರ ಬಂದಳು. "ಬರೆದಿದ್ದು... ಯಾಕೆ?"

"ನಾನು ಒಲ್ಲೆ ಅಂದಿದ್ರೆ ಬೇರೆ ತಾಲ್ಲೂಕಿನಿಂದ ಯಾರ್ನಾದ್ರೂ ಹಿಡ್ಕೊಂಡು ಬಂದು ಬರೆಸ್ತಿದ್ರು. ಅವ್ರು ಓದ್ತಿದ್ರೋ ಇಲ್ವೋ. ಬರೆದವನಿಗಷ್ಟೇ ಓದೋ ಹಕ್ಕು ಮಮತಾ ಅವ್ರೇ."

"ಮೊದ್ಲೇ ಹೇಳ್ಬೋದಿತ್ತಲ್ಲ! ನಾನು ಏನೇನೋ ಅಂದ್ಬಿಟ್ಟೆ..."

"ಹೇಳಿದ್ರೆ ಅಕ್ಕಂಗೆ ಉತ್ತರ ಹೇಳ್ಕೊಟ್ಟು ಕರ್ಕೊಂಡು ಬರ್ತಿದ್ರಿ. ಆವಾಗ ಅದು ನಿಮ್ಮ ಮಾತಾಗೋದು."

ಅಳುವಿನಲ್ಲೇ ಅವಳಿಗೆ ನಗು ಬಂತು. ನಿಜವೇ ಆಗಿತ್ತು.

"ಅದೇನೋ ಮಾತು ಆಡಾದೈತೆ ಅಂದಿದ್ರಿ..."

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ನನ್ನ ಜೊತೆ ಬಾಳಾಕೆ... ಒಪ್ತೀರಾ?"

"ಮೊದ್ಲು ಓದಿ ಹೇಳ್ರಿ!"

"ನ್ಯಾಮತಿಯಾಗೆ ಎರಡಂಕಣದ ಹೆಂಚಿನ ಮನೆ. ಮಾತು ಜಾಸ್ತಿ ಆಡೋ ಅವ್ವ. ಮಾತು ಬರದ ಅವಳ ಮಗ, ನಾನು. ಇಷ್ಟೇ."

"ಅಕ್ಕ?"

"ಬಾಗಿಲು ತೆಗೆದೇ ಇರ್ತೈತೆ. ಬರ್ತಾರಾ ಇಲ್ವಾ, ಅವ್ರನ್ನೇ ಕೇಳಣ."

"...ಒಪ್ದೆ."

ಅಷ್ಟರಲ್ಲಿ ಕಲ್ಲೇಶ್ ಗೋಡೆಯ ಕಡೆಯಿಂದ ತಿರುಗಿದ. ಅಂಗಿಯ ಜೇಬಿಗೆ ಕೈಹಾಕಿ, ಅಪ್ಪ ಹೋದಾಗಿನಿಂದ ತಾನೇ ಇಟ್ಟುಕೊಂಡಿದ್ದ ಅಕ್ಕನ ಆಧಾರ್ ಕಾರ್ಡನ್ನು ಹೊರತೆಗೆದ. ರೂಢಿಯಂತೆ ಮಮತಾಳತ್ತ ಚಾಚಿದ. ಚಾಚಿದ ಕೈ ಅರ್ಧಕ್ಕೆ ನಿಂತಿತು.

ಅವನು ಬಾಗಿ ಕಾರ್ಡನ್ನು ಕಾಟಮ್ಮನ ಅಂಗೈಯಲ್ಲಿಟ್ಟು ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿದ.