ಎಂಟು ನಿಮಿಷ ಮುಂದಿನ ಗಡಿಯಾರ

14ನೇ ತಾರೀಕು ಮಂಗಳವಾರ, ಮಧ್ಯಾಹ್ನ 12.20. ಒಬ್ಬ ದರ್ಜಿ ಠಾಣೆಯ ಮೆಟ್ಟಿಲು ಹತ್ತಿ ಬಂದ. ಕೊರಳಲ್ಲಿ ಅಳತೆಪಟ್ಟಿ ಇನ್ನೂ ನೇತಾಡುತ್ತಿತ್ತು, ಅಂಗಿಯ ತುಂಬ ರಕ್ತ. ಅವನ ಆರು ವರ್ಷದ ಮಗಳಿಗೆ ಲಾರಿ ಬಡಿದಿತ್ತು. ಆಂಬುಲೆನ್ಸ್ ಹತ್ತೇ ನಿಮಿಷಕ್ಕೆ ಬಂತು. ಮಕ್ಕಳಿಗೆ ದಾರಿಯಲ್ಲೇ ರಕ್ತ ಕೊಡುವ ಗಾಡಿ ಅದು.

“ರಕ್ತದ ಪೆಟ್ಟಿಗೆ ತೆಗೆದ್ರು ಸಾರ್. ಒಳಗೆ ಬರೀ ಮಂಜುಗಡ್ಡೆ.”

ಆಸ್ಪತ್ರೆ ಮುಟ್ಟುವವರೆಗೆ ಇಪ್ಪತ್ತೆರಡು ನಿಮಿಷ ಮಗು ಅಪ್ಪನ ಕಣ್ಣೆದುರೇ ಬಿಳಿಚಿಕೊಳ್ಳುತ್ತ ಹೋಗಿತ್ತು. ಈಗ ಆಪರೇಷನ್ ಕೋಣೆಯಲ್ಲಿತ್ತು. ಇನ್‌ಸ್ಪೆಕ್ಟರ್ ಎಫ್‌ಐಆರ್ ದಾಖಲಿಸಿದರು. ಮಗು ಉಳಿಯದಿದ್ದರೆ ಕೇಸಿನ ಕಲಂ ಬದಲಾಗುತ್ತದೆಂದು, ಠಾಣೆಯ ದಫೇದಾರ್ ಆಗಿದ್ದ ದೊಡ್ಡಮ್ಮನಿಗೆ ಮೆಲ್ಲಗೆ ಹೇಳಿದರು. ದೊಡ್ಡಮ್ಮ ಎಂಬುದು ಠಾಣೆಯವರಿಟ್ಟ ಹೆಸರು. ನಿವೃತ್ತಿಗೆ ಏಳು ತಿಂಗಳಿದ್ದ ಆಕೆ ಯಾವ ಕಾಗದವನ್ನೂ ಅಕ್ಷರಕ್ಕೆ ಅಕ್ಷರ ಕೂಡಿಸಿಯೇ ಓದುವವರು.

1.05ಕ್ಕೆ ಆಸ್ಪತ್ರೆಯ ಅಂಗಳದಲ್ಲಿ ಪಂಚನಾಮೆ ನಡೆಯಿತು. ಬೆಳಿಗ್ಗೆ ತುಂಬಿಸಿದ್ದ ಎರಡು ಚಿಕ್ಕ ಚೀಲ ರಕ್ತ ಪೆಟ್ಟಿಗೆಯಲ್ಲಿರಲಿಲ್ಲ. ಒಂಬತ್ತೂಕಾಲಿಗೆ ಚಾಲಕ, ನರ್ಸ್ ಇಬ್ಬರೂ ಇದೇ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಬೀಗ ಹಾಕದೆ ಅರ್ಧ ಗಂಟೆ ತಿಂಡಿಗೆ ಹೋಗಿದ್ದರು. ಗಾಡಿಯ ಬೀಗದ ಕೈ ಚಾಲಕನ ಬಳಿ ಇದ್ದುದರಿಂದ ಇನ್‌ಸ್ಪೆಕ್ಟರ್ ಅವನ ಬೆನ್ನು ಹತ್ತಿದರು. ದೊಡ್ಡಮ್ಮ ಪೆಟ್ಟಿಗೆಯ ಮುಚ್ಚಳ ಬಿಟ್ಟು ಕದಲಲಿಲ್ಲ. ತೆರೆದವರು ಮುಚ್ಚಳದ ಚೀಟಿಯಲ್ಲಿ ವೇಳೆ ಬರೆಯಬೇಕೆಂಬುದು ಅಲ್ಲಿನ ಕ್ರಮ. ಚೀಟಿಯಲ್ಲಿ 8.08, 9.35, 11.02 ಎಂದಿತ್ತು. ಮೊದಲನೆಯದು ರಕ್ತ ತುಂಬಿಸಿದ ವೇಳೆ, ಕೊನೆಯದು ನರ್ಸ್ ಬರೆದದ್ದು. ನಡುವಿನದನ್ನು ಬರೆದೆನೆಂದು ಯಾರೂ ಒಪ್ಪಲಿಲ್ಲ.

“ಕಳ್ಳ ಹಾಜರಿ ಹಾಕಿ ಕದೀತಾನೇನು ದೊಡ್ಡಮ್ಮ?” ಎಂದರು ಇನ್‌ಸ್ಪೆಕ್ಟರ್.

“ಬುದ್ಧಿ ಕದ್ದಿರುತ್ತೆ ಸಾರ್. ಕೈ ತನ್ನ ರೂಢಿ ಬಿಟ್ಟಿರಲ್ಲ.”

ಮುಚ್ಚಳ ತೆರೆದಾಗಲೆಲ್ಲ ಪೆಟ್ಟಿಗೆಯೊಳಗಿನ ತಾಪಮಾಪಕ ತಾನೇ ವೇಳೆ ಗುರುತಿಟ್ಟುಕೊಳ್ಳುತ್ತದೆ. ಅದು ತೋರಿಸಿದ್ದು 8.00, 9.27, 11.02. ನರ್ಸ್ ಬರೆದದ್ದು ತಾಳೆಯಾಯಿತು. ಉಳಿದೆರಡೂ ಎಂಟು ನಿಮಿಷ ಮುಂದೆ.

4.05ಕ್ಕೆ ದೊಡ್ಡಮ್ಮ ನೆಲಮಾಳಿಗೆಯ ರಕ್ತನಿಧಿಗೆ ಇಳಿದರು. ಫ್ರಿಜ್ಜುಗಳು ಗುಂಯ್‌ಗುಡುತ್ತಿದ್ದವು. ದಿನವೂ ಪೆಟ್ಟಿಗೆ ತುಂಬಿಸುತ್ತಿದ್ದ ಅಲ್ಲಿನ ಹೆಂಗಸನ್ನು ಆಸ್ಪತ್ರೆಯೆಲ್ಲ ರಕ್ತದಕ್ಕ ಎನ್ನುತ್ತಿತ್ತು. ಎಂಟರ ಮೇಲೆ ಪೆಟ್ಟಿಗೆಯ ಮುಖವನ್ನೇ ನೋಡಿಲ್ಲವೆಂದು ಆಕೆ ಹೇಳಿಕೆ ಕೊಟ್ಟಿದ್ದಳು. ಗೋಡೆ ಗಡಿಯಾರದಲ್ಲಿ 4.13.

“ನಿಮ್ಮ ಗಡಿಯಾರ ಮುಂದಿದೆಯಲ್ಲಮ್ಮ?”

“ನಾನೇ ಮುಂದಿಟ್ಟಿದ್ದು. ರಕ್ತ ಕೇಳಿ ಬಂದವರಿಗೆ ತಡ ಆಗ್ಬಾರದು ಅಂತ.”

“9.35 ಅಂತಾನೂ ಇದನ್ನೇ ನೋಡಿ ಬರೆದ್ರಾ?”

ಆಕೆ ಗಡಿಯಾರ ನೋಡಿದಳು. ಆಮೇಲೆ ತನ್ನ ಬಲಗೈ ನೋಡಿಕೊಂಡಳು. ಬರೆದದ್ದೇ ನೆನಪಿರಲಿಲ್ಲ.

ಮೇಲಿನ ವಾರ್ಡಿನಲ್ಲಿ ಆಕೆಯ ತಂಗಿಯ ಮಗ ಮಲಗಿದ್ದ. ನಾಲ್ಕು ವರ್ಷದವನು, ಮೂರು ವಾರಕ್ಕೊಮ್ಮೆ ರಕ್ತ ಕೊಡದಿದ್ದರೆ ಮೇಲುಸಿರು ಬರುವ ಕಾಯಿಲೆ. ಕೊಡಬೇಕಾದ ದಿನ ಕಳೆದು ಐದು ದಿನವಾಗಿತ್ತು. ಅವನಿಗೆ ಹೊಂದುವ ರಕ್ತ ಆ ಪೆಟ್ಟಿಗೆಯಲ್ಲಿ ಬಿಟ್ಟರೆ ಫ್ರಿಜ್ಜಿನಲ್ಲಿರಲಿಲ್ಲ, ಹೊಸದು ಮಧ್ಯಾಹ್ನದ ಹೊತ್ತಿಗೆ ಬರುವುದಿತ್ತು. ಮಂಜುಗಡ್ಡೆ ಬದಲಿಸುವ ನೆಪದಲ್ಲಿ ಆಕೆ ಪೆಟ್ಟಿಗೆಯನ್ನು ಕೆಳಗೆ ತಂದು, ಎರಡೂ ಚೀಲ ತೆಗೆದು ಅವನಿಗೆ ಏರಿಸಲು ಕಳಿಸಿದ್ದಳು.

“ನಾಲ್ಕು ತಿಂಗಳಿಂದ ಆ ಪೆಟ್ಟಿಗೆ ಹೋದ ಹಾಗೇ ವಾಪಸ್ ಬರ್ತಿತ್ತು ಮೇಡಂ. ಇವತ್ತೂ ಬರುತ್ತೆ ಅಂದ್ಕೊಂಡೆ.” ಆಮೇಲೆ ಕೇಳಿದಳು: “ಆ ಮಗು?”

ಇನ್ನೂ ಆಪರೇಷನ್ ಕೋಣೆಯಲ್ಲಿದೆ ಎಂದು ಹೇಳಿ ದೊಡ್ಡಮ್ಮ ಆಕೆಯ ಹೇಳಿಕೆ ಬರೆದುಕೊಳ್ಳತೊಡಗಿದರು. 4.31ಕ್ಕೆ ಇನ್‌ಸ್ಪೆಕ್ಟರ್ ಫೋನ್ ಮಾಡಿದರು: ರಕ್ತ ನಿಂತಿದೆ, ಮಗು ಉಳಿಯುತ್ತದೆ. ಕೇಳಿದವಳೇ ರಕ್ತದಕ್ಕ ಮೇಜಿಗೆ ಹಣೆ ಹಚ್ಚಿದಳು.

ದಸ್ತಗಿರಿ ಪತ್ರಕ್ಕೆ ದೊಡ್ಡಮ್ಮ ಕೈಗಡಿಯಾರ ನೋಡಿ 4.37 ಎಂದು ಬರೆದರು. ಹೊರಡುವ ಮೊದಲು ರಕ್ತದಕ್ಕ ಕೇಳಿಕೊಂಡು ಫ್ರಿಜ್ ತೆರೆದು, ಎರಡು ಚಿಕ್ಕ ಚೀಲ ತೋರಿಸಿದಳು. ಪೆಟ್ಟಿಗೆಗೆ ಮರಳಿ ಹಾಕಲೆಂದು ತೆಗೆದಿಟ್ಟದ್ದಂತೆ. ಸಂಜೆಯ ಗಾಡಿಗಾದರೂ ಹಾಕಿಸಿ ಎಂದಳು.

ದೊಡ್ಡಮ್ಮ ಚೀಲದ ಚೀಟಿಯನ್ನು ಅಕ್ಷರ ಕೂಡಿಸಿ ಓದಿದರು. ರಕ್ತನಿಧಿಗೆ ಬಂದ ವೇಳೆ 11.40. ಮನಸ್ಸಿನಲ್ಲೇ ಎಂಟು ಕಳೆದರು. ನರ್ಸ್ ಖಾಲಿ ಪೆಟ್ಟಿಗೆ ತೆರೆದು ಆಗ ಬರೀ ಅರ್ಧ ಗಂಟೆಯಾಗಿತ್ತು.